ಅರ್ಧ ತುಂಬಿದ ರಂಗ: ಸಾಂಕ್ರಾಮಿಕದ ಕಾಲದ ಕನ್ನಡ ಚಿತ್ರಪ್ರೇಕ್ಷಕ

೧

ಕನ್ನಡದಲ್ಲಿ ಸಿನಿಮಾ ಕುರಿತು ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಚಿತ್ರಕೃತಿಗಳನ್ನು, ನಿರ್ದೇಶಕರನ್ನು, ಕಾದಂಬರಿ ಆಧಾರಿತ ಚಿತ್ರಗಳನ್ನು ಕೇಂದ್ರವಾಗಿಸಿಕೊಂಡಿವೆ. ಪ್ರೇಕ್ಷಕನು ಈ ಚರ್ಚೆಗಳಲ್ಲಿ ಗಲ್ಲಾಪೆಟ್ಟಿಗೆಯ ಲೆಕ್ಕವಾಗಿಯೋ ಅಭಿಮಾನಿ ಸಂಘದ ಸದಸ್ಯನಾಗಿಯೋ ಬಂದುಹೋಗುವುದೇ ಹೆಚ್ಚು. ಚಿತ್ರ ನೋಡುವ ಕ್ರಿಯೆ ಎಲ್ಲಿ ನಡೆಯುತ್ತದೆ, ಯಾರೊಡನೆ ನಡೆಯುತ್ತದೆ, ಆ ಸ್ಥಳವೂ ಸಹವಾಸವೂ ಚಿತ್ರದ ಅನುಭವದೊಳಗೆ ಹೇಗೆ ಬೆರೆಯುತ್ತವೆ ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಿತ್ಯದ ರೂಢಿಯಾಗಿರುವುದು ಪ್ರಶ್ನೆಯಾಗಿ ಕಾಣುವುದಿಲ್ಲ. ೧೯೩೪ರ ಮಾರ್ಚ್ ೩ರಂದು ‘ಸತಿ ಸುಲೋಚನ’ ಎಂಬ ಮೊದಲ ಕನ್ನಡ ವಾಕ್ಚಿತ್ರ ಬೆಂಗಳೂರಿನಲ್ಲಿ ತೆರೆಕಂಡ ಮೇಲೆ ಡೇರೆಯಲ್ಲಾಗಲಿ, ಟಾಕೀಸಿನಲ್ಲಾಗಲಿ, ಮಲ್ಟಿಪ್ಲೆಕ್ಸಿನಲ್ಲಾಗಲಿ ಹೊಸ ಚಿತ್ರವೆಂದರೆ ಹೋಗಿ ನೋಡಬೇಕಾದದ್ದು ಎಂಬ ತಿಳಿವಳಿಕೆ ಗಟ್ಟಿಯಾಗಿ ನಿಂತಿತ್ತು. ದೂರದರ್ಶನ, ವಿಡಿಯೊ ಕ್ಯಾಸೆಟ್ಟುಗಳು ಬಂದ ಮೇಲೂ ಅದು ಬಹುಕಾಲ ಅಲುಗಲಿಲ್ಲ. ‘ಸಿನಿಮಾಕ್ಕೆ ಹೋಗುವುದು’ ಎಂಬ ಮಾತಿನಲ್ಲಿ ಹೋಗುವಿಕೆಯೂ ನೋಡುವಿಕೆಯೂ ಒಂದಾಗಿಬಿಟ್ಟಿದ್ದವು.

ಕೋವಿಡ್-೧೯ ಸಾಂಕ್ರಾಮಿಕವು ಈ ಎರಡನ್ನೂ ಬಿಡಿಸಿಟ್ಟಿತು. ೨೦೨೦ರಿಂದ ೨೦೨೨ರವರೆಗಿನ ಎರಡು ವರ್ಷಗಳಲ್ಲಿ ಚಿತ್ರಪ್ರೇಮಿಗೆ ನೋಡಲು ಚಿತ್ರಗಳ ಕೊರತೆಯಾಗಲಿಲ್ಲ. ಹಿಂದೆಂದಿಗಿಂತ ಹೆಚ್ಚು ಚಿತ್ರಗಳು, ಹೆಚ್ಚು ಭಾಷೆಗಳ ಚಿತ್ರಗಳು ಅವನ ಕೈಗೇ ಬಂದವು. ಆದರೂ ಏನೋ ಕಳೆದುಹೋಗಿದೆ ಎಂಬ ಭಾವ ವ್ಯಾಪಕವಾಗಿತ್ತು. ಕಳೆದದ್ದು ಏನು? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಕನ್ನಡ ಚಿತ್ರಪ್ರೇಕ್ಷಕನ ಸಂದರ್ಭದಲ್ಲಿ ಪರಿಶೀಲಿಸುತ್ತದೆ. ಆ ಎರಡು ವರ್ಷಗಳ ಘಟನಾಕ್ರಮ, ಭಾರತೀಯ ಕಾವ್ಯಮೀಮಾಂಸೆಯು ಪ್ರೇಕ್ಷಕನನ್ನು ಕುರಿತು ಕಟ್ಟಿಕೊಟ್ಟಿರುವ ಪರಿಕಲ್ಪನೆಗಳು ಹಾಗೂ ಸ್ವತಃ ಪ್ರೇಕ್ಷಕನಾಗಿ ಗಮನಿಸಿದ ಕೆಲವು ಸಂಗತಿಗಳು ಈ ಚರ್ಚೆಗೆ ಆಧಾರ.

೨

ಮೊದಲಿಗೆ ಘಟನಾಕ್ರಮವನ್ನು ಸಂಗ್ರಹವಾಗಿ ನೆನೆಯಬಹುದು. ೨೦೨೦ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು ದೃಢಪಟ್ಟಿತು. ಅದರ ಬೆನ್ನಲ್ಲೇ, ಮಾರ್ಚ್ ೧೪ರಿಂದ, ರಾಜ್ಯದ ಚಿತ್ರಮಂದಿರಗಳನ್ನು ಒಂದು ವಾರದ ಮಟ್ಟಿಗೆ ಮುಚ್ಚಲು ಸರ್ಕಾರ ಆದೇಶಿಸಿತು. ಆ ಒಂದು ವಾರ ಏಳು ತಿಂಗಳಾಯಿತು. ಮಾರ್ಚ್ ೨೫ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಚಿತ್ರಮಂದಿರಗಳು ಅರ್ಧದಷ್ಟು ಆಸನಗಳನ್ನು ಮಾತ್ರ ಬಳಸಿ ಬಾಗಿಲು ತೆರೆಯಲು ಅಕ್ಟೋಬರ್ ೧೫ರಿಂದ ಕೇಂದ್ರ ಸರ್ಕಾರ ಅನುಮತಿ ನೀಡಿತು. ನವೆಂಬರ್ ೨೦ರಂದು ಮಂಸೋರೆ ನಿರ್ದೇಶನದ ‘ಆಕ್ಟ್ ೧೯೭೮’ ತೆರೆಕಂಡಿತು. ಲಾಕ್‌ಡೌನಿನ ನಂತರ ಚಿತ್ರಮಂದಿರಕ್ಕೆ ಬಂದ ಮೊದಲ ಹೊಸ ಕನ್ನಡ ಚಿತ್ರವಿದು. ತನಗೆ ಸಲ್ಲಬೇಕಾದ ಹಣಕ್ಕಾಗಿ ಅಲೆದು ಸೋತ ತುಂಬು ಗರ್ಭಿಣಿಯೊಬ್ಬಳು ಸರ್ಕಾರಿ ಕಚೇರಿಯನ್ನೇ ಒತ್ತೆಯಾಗಿಸಿಕೊಳ್ಳುವ ಕಥೆ ಅದರದು.

೨೦೨೧ರ ಫೆಬ್ರವರಿಯಲ್ಲಿ ಪೂರ್ಣ ಆಸನಗಳಿಗೆ ಅನುಮತಿ ದೊರೆತು ‘ಪೊಗರು’, ‘ರಾಬರ್ಟ್’ ಚಿತ್ರಗಳು ಬಂದವು. ಏಪ್ರಿಲ್ ೧ರಂದು ಪುನೀತ್ ರಾಜ್‌ಕುಮಾರ್ ಅಭಿನಯದ ‘ಯುವರತ್ನ’ ಬಿಡುಗಡೆಯಾದ ಮರುದಿನವೇ ಕೆಲವು ಜಿಲ್ಲೆಗಳಲ್ಲಿ ಮತ್ತೆ ಅರ್ಧ ಆಸನದ ನಿಯಮ ಪ್ರಕಟವಾಯಿತು. ಚಿತ್ರರಂಗದ ಒತ್ತಾಯದ ಮೇರೆಗೆ ಕೆಲವು ದಿನಗಳ ವಿನಾಯಿತಿ ದೊರೆತರೂ ಏಪ್ರಿಲ್ ೯ರಂದು ಆ ಚಿತ್ರ ಅಮೆಜಾನ್ ಪ್ರೈಮ್‌ನಲ್ಲಿ ಪ್ರಸಾರವಾಗತೊಡಗಿತು. ಎರಡನೆಯ ಅಲೆ ಅದೇ ತಿಂಗಳ ಕೊನೆಯಲ್ಲಿ ಎಲ್ಲ ಬಾಗಿಲುಗಳನ್ನೂ ಮತ್ತೆ ಮುಚ್ಚಿಸಿತು. ಜುಲೈನಲ್ಲಿ ಅರ್ಧ, ಅಕ್ಟೋಬರ್ ೧ರಿಂದ ಪೂರ್ಣ, ೨೦೨೨ರ ಜನವರಿಯಲ್ಲಿ ಮತ್ತೆ ಅರ್ಧ, ಫೆಬ್ರವರಿ ೫ರಿಂದ ಮತ್ತೆ ಪೂರ್ಣ. ಹೀಗೆ ಚಿತ್ರಮಂದಿರವು ತುಂಬುವ, ಬರಿದಾಗುವ, ಅರ್ಧ ತುಂಬುವ ಸ್ಥಿತಿಗಳ ನಡುವೆ ತೂಗಾಡಿತು.

ಈ ತೂಗಾಟದ ಇನ್ನೊಂದು ಪಕ್ಕದಲ್ಲಿ ಮನೆಯ ಪರದೆ ಇತ್ತು. ೨೦೨೦ರ ಜುಲೈ ೧೭ರಂದು ‘ಲಾ’, ಅದರ ಮುಂದಿನ ವಾರ ‘ಫ್ರೆಂಚ್ ಬಿರಿಯಾನಿ’ ಚಿತ್ರಮಂದಿರದ ಮುಖ ನೋಡದೆ ನೇರವಾಗಿ ಒಟಿಟಿ ವೇದಿಕೆಗೆ ಬಂದವು. ಇವೆರಡೂ ಪುನೀತ್ ಅವರ ಪಿಆರ್‌ಕೆ ಸಂಸ್ಥೆಯ ನಿರ್ಮಾಣಗಳೆಂಬುದು ಗಮನಾರ್ಹ. ಟಾಕೀಸಿನ ಜನಸ್ತೋಮವನ್ನೇ ಬಲವಾಗಿ ಪಡೆದಿದ್ದ ನಟನೊಬ್ಬನ ಸಂಸ್ಥೆಯೇ ಮನೆಪರದೆಯ ದಾರಿಯನ್ನೂ ತೆರೆದಿತ್ತು. ಆದ್ದರಿಂದ ಚಿತ್ರಮಂದಿರ ಮತ್ತು ಒಟಿಟಿಗಳನ್ನು ಪರಸ್ಪರ ಶತ್ರುಗಳೆಂದು ಚಿತ್ರಿಸುವ ಸರಳ ವಿವರಣೆ ಕನ್ನಡದ ಮಟ್ಟಿಗೆ ನಿಲ್ಲುವುದಿಲ್ಲ.

೩

ಅರ್ಧ ಆಸನದ ನಿಯಮವು ಆಡಳಿತಕ್ಕೆ ಒಂದು ಸಂಖ್ಯೆ, ಪ್ರದರ್ಶಕರಿಗೆ ಒಂದು ನಷ್ಟ. ಪ್ರೇಕ್ಷಕನಿಗೆ ಅದು ಏನಾಗಿತ್ತು ಎಂದು ತಿಳಿಯಲು ಭರತನ ನಾಟ್ಯಶಾಸ್ತ್ರ ನೆರವಾಗುತ್ತದೆ. ಅದರ ಇಪ್ಪತ್ತೇಳನೆಯ ಅಧ್ಯಾಯವು ಪ್ರಯೋಗದ ‘ಸಿದ್ಧಿ’ಯನ್ನು, ಎಂದರೆ ಪ್ರದರ್ಶನ ಫಲಿಸಿತೆಂಬುದನ್ನು ಅಳೆಯುವ ಬಗೆಯನ್ನು ವಿವರಿಸುತ್ತದೆ. ಈ ಅಳತೆಗೋಲು ಕೇವಲ ನಟನಲ್ಲಿಲ್ಲ, ಪ್ರೇಕ್ಷಕರಲ್ಲಿದೆ. ಮಾನುಷೀ ಸಿದ್ಧಿಗೆ ವಾಕ್ಕಿನ ಮತ್ತು ಶರೀರದ ಲಕ್ಷಣಗಳನ್ನು ಭರತ ಪಟ್ಟಿ ಮಾಡುತ್ತಾನೆ: ಮುಗುಳುನಗೆ, ಅರ್ಧನಗೆ, ಗಟ್ಟಿನಗೆ, ಮೆಚ್ಚುಗೆಯ ಉದ್ಗಾರ, ಮರುಕದ ಉದ್ಗಾರ, ರೋಮಾಂಚ, ಆಸನದಿಂದ ಮೇಲೇಳುವುದು, ಉತ್ತರೀಯವನ್ನು ಎಸೆಯುವುದು. ದೈವೀ ಸಿದ್ಧಿಯಾದರೋ ಗದ್ದಲವಿಲ್ಲದ, ಕ್ಷೋಭೆಯಿಲ್ಲದ, ಉತ್ಪಾತವಿಲ್ಲದ ಸ್ಥಿತಿ. ಅದರ ಲಕ್ಷಣಗಳಲ್ಲಿ ರಂಗದ ಸಂಪೂರ್ಣತೆ, ಅಂದರೆ ಸಭೆ ತುಂಬಿರುವುದು, ಒಂದು.

ಶಿಷ್ಟ ವಿಮರ್ಶೆಯು ಬಹುಕಾಲ ಅಸಭ್ಯವೆಂದು ಬಗೆದ ಶಿಳ್ಳೆ, ಚಪ್ಪಾಳೆ, ನಾಯಕನ ಪ್ರವೇಶಕ್ಕೆ ತೂರುವ ಕಾಗದದ ಚೂರು ಮತ್ತು ಚಿಲ್ಲರೆ ಕಾಸುಗಳನ್ನು ಈ ಪಟ್ಟಿಯ ಪಕ್ಕದಲ್ಲಿರಿಸಿ ನೋಡಬೇಕು. ಗಾಂಧಿ ಕ್ಲಾಸಿನ ಪ್ರೇಕ್ಷಕನು ಮಾಡುತ್ತಿದ್ದುದು ಪ್ರದರ್ಶನಕ್ಕೆ ಹೊರಗಿನ ಗಲಾಟೆಯಾಗಿರಲಿಲ್ಲ. ಪ್ರದರ್ಶನ ಫಲಿಸಿತೆಂಬುದಕ್ಕೆ ಅವನು ಸಾಕ್ಷಿ ನುಡಿಯುತ್ತಿದ್ದ. ಸಿನಿಮಾದ ನಟನು ಆ ಸಾಕ್ಷಿಯನ್ನು ಕೇಳಲಾರ ಎಂಬ ಆಕ್ಷೇಪ ಬರಬಹುದು. ಕೇಳಲಾರ, ನಿಜ, ಆದರೆ ಪಕ್ಕದ ಆಸನದವನು ಕೇಳುತ್ತಾನೆ. ಸಿನಿಮಾದಲ್ಲಿ ಸಿದ್ಧಿಯ ಸಂವಹನ ನಡೆಯುವುದು ಪ್ರೇಕ್ಷಕ ಪ್ರೇಕ್ಷಕರ ನಡುವೆ.

೨೦೨೦ರ ಕೊನೆಯಲ್ಲಿ ಪಾಲಿಸಬೇಕಾಗಿದ್ದ ಮಾರ್ಗಸೂಚಿಗಳನ್ನು ಈ ಬೆಳಕಿನಲ್ಲಿ ಮತ್ತೆ ಓದಬಹುದು. ಒಂದು ಬಿಟ್ಟು ಒಂದು ಆಸನ, ಮುಖಗವಸು ಕಡ್ಡಾಯ, ಹವಾನಿಯಂತ್ರಣ ೨೪ರಿಂದ ೩೦ ಡಿಗ್ರಿಗಳ ನಡುವೆ, ಪೊಟ್ಟಣ ಕಟ್ಟಿದ ತಿನಿಸು ಮಾತ್ರ, ಮಧ್ಯಂತರದಲ್ಲಿ ಜನ ಒಟ್ಟಿಗೆ ಏಳದಂತೆ ಸಾಲು ಸಾಲಾಗಿ ಬಿಡುವುದು, ಸೋಂಕಿತರ ಸಂಪರ್ಕ ಪತ್ತೆಗಾಗಿ ಟಿಕೆಟು ಪಡೆದವರ ದೂರವಾಣಿ ಸಂಖ್ಯೆ ದಾಖಲಿಸುವುದು. ಆರೋಗ್ಯದ ದೃಷ್ಟಿಯಿಂದ ಇವು ಅಗತ್ಯವಾಗಿದ್ದವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಒಂದೊಂದು ನಿಯಮವೂ ಸಿನಿಮಾಕ್ಕೆ ಹೋಗುವ ಅನುಭವದ ಒಂದೊಂದು ಅಂಗವನ್ನು ಹೆಸರಿಸಿ ತೋರಿಸಿತು. ಅಪರಿಚಿತನ ತೋಳು ತಾಗುವ ಸಾಮೀಪ್ಯ, ಮುಖದ ಮೇಲಿನ ನಗು, ಮಧ್ಯಂತರದ ನೂಕುನುಗ್ಗಲು ಹಾಗೂ ಎಲ್ಲಕ್ಕಿಂತ ಮುಖ್ಯವಾಗಿ ಅನಾಮಿಕತೆ. ಟಿಕೆಟು ಕೊಂಡವನ ಹೆಸರನ್ನೋ ಊರನ್ನೋ ಟಾಕೀಸಿನ ಕಿಂಡಿ ಕೇಳುತ್ತಿರಲಿಲ್ಲ. ಜಾತಿ ಕೇಳದೆ ಕತ್ತಲಲ್ಲಿ ಪಕ್ಕಪಕ್ಕದಲ್ಲಿ ಕೂರಿಸಿದ ಸಾರ್ವಜನಿಕ ಸ್ಥಳಗಳು ನಮ್ಮ ಸಮಾಜದಲ್ಲಿ ಬಹಳವಿಲ್ಲ. ಗಾಂಧಿ ಕ್ಲಾಸಿಗೂ ಬಾಲ್ಕನಿಗೂ ದರದ ಅಂತರವಿತ್ತು ಎಂಬುದನ್ನು ಮರೆಯದೆಯೂ ಈ ಮಾತನ್ನು ಹೇಳಬಹುದು.

‘ಆಕ್ಟ್ ೧೯೭೮’ ಚಿತ್ರವನ್ನು ಪ್ರಸ್ತುತ ಲೇಖಕನು ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ ನೋಡಿದಾಗ ಪಟ್ಟಿ ಅಂಟಿಸಿದ ಖಾಲಿ ಕುರ್ಚಿಗಳೇ ನೋಡುಗರಿಗಿಂತ ಹೆಚ್ಚಾಗಿದ್ದವು. ಕಚೇರಿಯ ಗುಮಾಸ್ತರನ್ನು ಕುರಿತ ಮಾತೊಂದಕ್ಕೆ ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಆ ನಗು ಅಲ್ಲಿಯೇ ನಿಂತಿತು. ತುಂಬಿದ ಮಂದಿರದಲ್ಲಾಗಿದ್ದರೆ ಅದು ಸಾಲಿನಿಂದ ಸಾಲಿಗೆ ಹರಿದು, ಕಚೇರಿಗಳಿಗೆ ಅಲೆದ ನೂರಾರು ಜನರ ಸಮಾನ ಅನುಭವವೊಂದು ಅಲ್ಲಿ ಪ್ರಕಟವಾಗುತ್ತಿತ್ತು. ಚಿತ್ರ ಒಂದೇ, ತೆರೆಯೂ ಅದೇ. ಆದರೆ ಆ ಚಿತ್ರಕ್ಕೆ ಬೇಕಾಗಿದ್ದ ಸಾರ್ವಜನಿಕರು ಅಲ್ಲಿರಲಿಲ್ಲ. ರಂಗದ ಸಂಪೂರ್ಣತೆಯನ್ನು ಸಿದ್ಧಿಯ ಲಕ್ಷಣವಾಗಿ ಏಕೆ ಎಣಿಸಬೇಕು ಎಂಬುದು ಗಲ್ಲಾಪೆಟ್ಟಿಗೆಯ ಆಚೆಗೂ ಅರ್ಥವಾಗುವುದು ಇಂಥ ಕಡೆ.

ನಾಟ್ಯಶಾಸ್ತ್ರದ ಇನ್ನೊಂದು ಪ್ರಸಂಗವೂ ಇಲ್ಲಿ ಉಲ್ಲೇಖಾರ್ಹ. ಮೊದಲ ನಾಟ್ಯಪ್ರಯೋಗವನ್ನು ವಿಘ್ನಗಳು ಕೆಡಿಸಿದಾಗ, ಪ್ರಯೋಗದ ರಕ್ಷಣೆಗಾಗಿ ವಿಶ್ವಕರ್ಮನು ನಾಟ್ಯಗೃಹವನ್ನು ನಿರ್ಮಿಸಿದನೆಂಬ ಕಥೆ ಅದರ ಮೊದಲ ಅಧ್ಯಾಯದಲ್ಲಿದೆ. ಪ್ರೇಕ್ಷಾಗೃಹವೆಂದರೆ ಮೂಲತಃ ಅಪಾಯದಿಂದ ಆಶ್ರಯ ನೀಡುವ ಜಾಗ. ಸಾಂಕ್ರಾಮಿಕವು ಈ ಸಂಬಂಧವನ್ನು ತಲೆಕೆಳಗು ಮಾಡಿತು. ಗೋಡೆ, ಮಾಡು, ಮುಚ್ಚಿದ ಬಾಗಿಲುಗಳೇ ಸೋಂಕಿನ ತಾಣವೆನಿಸಿದವು. ಪಕ್ಕದಲ್ಲಿ ಕುಳಿತ ಸಹಪ್ರೇಕ್ಷಕನು ಶಂಕೆಯ ವಸ್ತುವಾದ.

೪

ಹಾಗಾದರೆ ಮನೆಯಲ್ಲಿ ನಡೆದದ್ದೇನು? ಇದನ್ನು ಬರಿಯ ನಷ್ಟದ ಕಥೆಯಾಗಿ ಹೇಳುವುದು ಏಕಪಕ್ಷೀಯವಾದೀತು. ೨೦೨೦ರ ಜನವರಿ ೩೧ರಂದು ಬಿಡುಗಡೆಯಾದ ‘ಲವ್ ಮಾಕ್‌ಟೇಲ್’, ಫೆಬ್ರವರಿ ೭ರಂದು ಬಿಡುಗಡೆಯಾದ ‘ದಿಯಾ’ ಚಿತ್ರಗಳು ಲಾಕ್‌ಡೌನಿನ ತಿಂಗಳುಗಳಲ್ಲಿ ಮನೆಪರದೆಯ ಮೂಲಕ ಬಹುದೊಡ್ಡ ಬಳಗವನ್ನು ಸಂಪಾದಿಸಿಕೊಂಡವು. ವಾರದೊಳಗೆ ತೆರೆಯಿಂದ ಇಳಿಯುವ ಭಯದಲ್ಲೇ ಬಾಳುವ ಸಣ್ಣ ಚಿತ್ರಗಳಿಗೆ ಇಂಥ ಎರಡನೆಯ ಆಯುಷ್ಯ ಹಿಂದೆ ಸುಲಭವಾಗಿರಲಿಲ್ಲ. ‘ಲವ್ ಮಾಕ್‌ಟೇಲ್’ನ ಎರಡನೆಯ ಭಾಗವು ೨೦೨೨ರ ಫೆಬ್ರವರಿ ೧೧ರಂದು, ಪೂರ್ಣ ಆಸನಕ್ಕೆ ಅನುಮತಿ ದೊರೆತ ವಾರದಲ್ಲೇ, ಚಿತ್ರಮಂದಿರಕ್ಕೆ ಬಂದಿತು. ಮನೆಯಲ್ಲಿ ರೂಪುಗೊಂಡ ಪ್ರೇಕ್ಷಕ ಬಳಗವನ್ನು ನೆಚ್ಚಿ ಚಿತ್ರವೊಂದು ಮಂದಿರಕ್ಕೆ ಬಂದ ಉದಾಹರಣೆಯಿದು.

ಭಾಷೆಯ ನೆಲೆಯಲ್ಲಿ ಆದ ಬದಲಾವಣೆ ಇನ್ನೂ ಆಳವಾದುದು. ಕನ್ನಡದ ಚಿತ್ರಪ್ರೇಮಿ ಈ ಅವಧಿಯಲ್ಲಿ ಅಡಿಬರಹಗಳ ನೆರವಿನಿಂದ ಮಲಯಾಳಂ, ತಮಿಳು, ಬಂಗಾಳಿ, ಕೊರಿಯನ್ ಚಿತ್ರಗಳನ್ನು ನೋಡುವ ಅಭ್ಯಾಸವನ್ನು ಬೆಳೆಸಿಕೊಂಡ. ಮಲಯಾಳಂನ ‘ದೃಶ್ಯಂ ೨’ ೨೦೨೧ರ ಫೆಬ್ರವರಿಯಲ್ಲಿ ನೇರವಾಗಿ ಒಟಿಟಿಯಲ್ಲಿ ಬಂದಿತು. ಅದರ ಕನ್ನಡ ರೂಪ ‘ದೃಶ್ಯ ೨’ ಅದೇ ವರ್ಷದ ಡಿಸೆಂಬರ್‌ನಲ್ಲಿ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಮೂಲವನ್ನು ಈಗಾಗಲೇ ಕಂಡವನಿಗೆ ರೀಮೇಕು ಏನನ್ನು ಹೊಸದಾಗಿ ನೀಡಬಲ್ಲದು ಎಂಬ ಪ್ರಶ್ನೆ ಅಲ್ಲಿಂದ ಮುಂದೆ ತಪ್ಪಿಸಿಕೊಳ್ಳಲಾಗದ್ದಾಯಿತು. ದಶಕಗಳ ಕಾಲ ರೀಮೇಕನ್ನು ನೆಚ್ಚಿದ್ದ ಉದ್ಯಮಕ್ಕೆ ಇದು ಸಣ್ಣ ಸಂಗತಿಯಲ್ಲ. ಹತ್ತಿರದಲ್ಲಿ ಚಿತ್ರಮಂದಿರವಿಲ್ಲದ ಊರುಗಳವರು, ಎಳೆಯ ಮಕ್ಕಳ ತಾಯಂದಿರು, ವೃದ್ಧರು, ಮೆಟ್ಟಿಲು ಹತ್ತಲಾರದವರು ಹೊಸ ಚಿತ್ರವನ್ನು ಅದು ಬಿಡುಗಡೆಯಾದ ದಿನವೇ ನೋಡುವಂತಾದದ್ದನ್ನೂ ಲಾಭದ ಪಟ್ಟಿಗೆ ಸೇರಿಸಬೇಕು. ಮೊದಲ ದಿನದ ಮೊದಲ ಆಟ ಎಲ್ಲರ ಹಕ್ಕಾಗಿ ಎಂದೂ ಇರಲಿಲ್ಲ.

ಮನೆಯಲ್ಲಿ ಪ್ರೇಕ್ಷಕನು ಓದುಗನಾದ ಎಂದು ಈ ಬದಲಾವಣೆಯನ್ನು ಸಂಗ್ರಹಿಸಬಹುದು. ಪುಸ್ತಕದ ಹಾಳೆ ಮಗುಚಿದಂತೆ ಚಿತ್ರವನ್ನು ನಿಲ್ಲಿಸುವ, ಹಿಂದಕ್ಕೆ ತಿರುಗಿಸುವ, ನಾಳೆಗೆ ಉಳಿಸಿಕೊಳ್ಳುವ ಅಧಿಕಾರ ಅವನಿಗೆ ಬಂದಿತು. ಅಡಿಬರಹವನ್ನಂತೂ ಅವನು ಅಕ್ಷರಶಃ ಓದಿದ. ಸೂಕ್ಷ್ಮ ವಿಮರ್ಶೆಗೆ ಇದು ಒಳ್ಳೆಯದೇ.

ಆದರೆ ಓದುಗನಾದ ಪ್ರೇಕ್ಷಕನು ಕಳೆದುಕೊಂಡದ್ದನ್ನು ಅಭಿನವಗುಪ್ತನ ರಸವಿಘ್ನಗಳ ಚರ್ಚೆ ಸ್ಪಷ್ಟಪಡಿಸುತ್ತದೆ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ನಮ್ಮ ತರಗತಿಗಳಿಗೆ ಚಿರಪರಿಚಿತನಾದ ಈ ಮೀಮಾಂಸಕ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಪ್ರೇಕ್ಷಕನು ತನ್ನದೇ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲಿ ಒಂದು. ಗಾನ, ವಾದ್ಯ, ಅಲಂಕೃತ ಮಂಟಪ ಮೊದಲಾದವು ಈ ವಿಘ್ನವನ್ನು ಕಳೆಯುವ ಉಪಾಯಗಳು. ಎಂದರೆ ರಂಗಮಂದಿರದ ಪರಿಸರವು ನೋಡುಗನನ್ನು ಅವನ ಸ್ವಂತ ಸಂಕಟದಿಂದ ಬಿಡಿಸಿ ತರುವ ಸಾಧನವೂ ಹೌದು. ಸಭಾಸದರೆಲ್ಲರ ಅರಿವು ಒಂದೇ ಆಗಿ ಗಟ್ಟಿಗೊಳ್ಳುವುದರಿಂದ ರಸವು ಹೆಚ್ಚು ಪುಷ್ಟವಾಗುತ್ತದೆ ಎಂಬ ಆಶಯವೂ ಅವನಲ್ಲಿದೆ. ಸಾಧಾರಣೀಕರಣ ಎಂಬುದು ಒಂಟಿ ಮನಸ್ಸಿನ ಕ್ರಿಯೆ ಮಾತ್ರವಲ್ಲ. ಜೊತೆಗಿರುವವರೂ ಅದರಲ್ಲಿ ಪಾಲುದಾರರು.

೨೦೨೧ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆಯಲ್ಲಿ ಚಿತ್ರ ನೋಡಲು ಕುಳಿತವನ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಚಿತ್ರವನ್ನು ತೋರಿಸುತ್ತಿದ್ದ ಅದೇ ಫೋನಿಗೆ ಆಮ್ಲಜನಕದ ಸಿಲಿಂಡರು, ಆಸ್ಪತ್ರೆಯ ಹಾಸಿಗೆ ಕೇಳುವ ಸಂದೇಶಗಳು ಬರುತ್ತಿದ್ದವು. ಪಕ್ಕದ ಕೋಣೆಯ ಕೆಮ್ಮು ಕಿವಿಗೆ ಬೀಳುತ್ತಿತ್ತು. ಸ್ವಂತ ದುಃಖದ ವಿಘ್ನವನ್ನು ಕಳೆಯುವ ಮಂಟಪವಾಗಿ ಮನೆ ಒದಗಲಿಲ್ಲ, ಏಕೆಂದರೆ ದುಃಖ ಇದ್ದದ್ದೇ ಅಲ್ಲಿ. ಲಾಕ್‌ಡೌನಿನಲ್ಲಿ ಒಂದೇ ಮನೆಯಲ್ಲಿ ಸಿಕ್ಕಿಬೀಳುವ ದಂಪತಿಗಳನ್ನು ಕುರಿತ ‘ಇಕ್ಕಟ್’ (೨೦೨೧) ಎಂಬ ವಿನೋದ ಚಿತ್ರ ಮನೆಪರದೆಗೇ ಬಂದಾಗ, ನೋಡುಗನೂ ಪಾತ್ರಗಳೂ ಒಂದೇ ಬಗೆಯ ಗೋಡೆಗಳ ನಡುವೆ ಇದ್ದರು. ನಗು ಬಂದಿತು, ಆದರೆ ಅದು ಹಂಚಿಕೊಳ್ಳಲು ಜನವಿಲ್ಲದ ನಗು.

೫

ಸಮೂಹವಾಗಿ ನೋಡುವ ಹಂಬಲ ಚಿತ್ರಮಂದಿರ ಮುಚ್ಚಿದ ಮಾತ್ರಕ್ಕೆ ಆರಲಿಲ್ಲ ಎಂಬುದಕ್ಕೆ ಈ ಕಾಲದ ಎರಡು ಸಂದರ್ಭಗಳು ನಿದರ್ಶನವಾಗಿವೆ.

ಮೊದಲನೆಯದು ಕಿರುತೆರೆಯದು. ಚಿತ್ರೀಕರಣ ನಿಂತು ಕನ್ನಡ ವಾಹಿನಿಗಳಿಗೆ ಕಾರ್ಯಕ್ರಮಗಳ ಅಭಾವ ಉಂಟಾದಾಗ, ದಶಕಗಳ ಕಾಲ ಚಿತ್ರೋದ್ಯಮ ತಡೆದುಕೊಂಡು ಬಂದಿದ್ದ ಡಬ್ಬಿಂಗ್ ಧಾರಾವಾಹಿಗಳು ಮನೆಮನೆಗೆ ಬಂದವು. ಅವುಗಳಲ್ಲಿ ೨೦೨೦ರ ಜುಲೈನಲ್ಲಿ ಜೀ ಕನ್ನಡದಲ್ಲಿ ಆರಂಭವಾದ, ಅಂಬೇಡ್ಕರ್ ಜೀವನವನ್ನು ಆಧರಿಸಿದ ‘ಮಹಾನಾಯಕ’ ವಿಶೇಷ ಗಮನಕ್ಕೆ ಅರ್ಹ. ಸಿನಿಮಾ ನಾಯಕರಿಗೆ ಮೀಸಲಾಗಿದ್ದ ಫ್ಲೆಕ್ಸ್ ಫಲಕಗಳನ್ನು ಹಳ್ಳಿ ಹಳ್ಳಿಗಳಲ್ಲಿ ಈ ಧಾರಾವಾಹಿಗಾಗಿ ನಿಲ್ಲಿಸಲಾಯಿತು. ಟಾಕೀಸಿನ ಅಂಗಳದ ಆಚರಣೆಯೊಂದು ಟಾಕೀಸು ಮುಚ್ಚಿದ್ದಾಗ ಕೇರಿಯ ಬಾಯಿಗೆ, ಊರಿನ ವೃತ್ತಕ್ಕೆ ಬಂದು ನೆಲೆಸಿತು. ಅಲ್ಲಿ ಅದು ಆತ್ಮಗೌರವದ ಸಾರ್ವಜನಿಕ ಘೋಷಣೆಯ ರೂಪ ಪಡೆಯಿತು. ಪ್ರೇಕ್ಷಕ ಸಮೂಹವು ಕಟ್ಟಡದಿಂದ ಹುಟ್ಟುವುದಿಲ್ಲ, ಹಂಚಿಕೊಂಡ ಬದುಕಿನಿಂದ ಹುಟ್ಟುತ್ತದೆ ಎಂಬುದನ್ನು ಇದು ತೋರಿಸಿಕೊಟ್ಟಿತು.

ಎರಡನೆಯದು ಶೋಕದ ಸಂದರ್ಭ. ೨೦೨೧ರ ಅಕ್ಟೋಬರ್ ೨೯ರಂದು ಶಿವರಾಜ್‌ಕುಮಾರ್ ಅಭಿನಯದ ‘ಭಜರಂಗಿ ೨’ ತೆರೆಕಂಡ ದಿನವೇ ಪುನೀತ್ ನಿಧನರಾದರು. ಪ್ರದರ್ಶನಗಳು ನಿಂತವು. ಒಂದೂವರೆ ವರ್ಷದಿಂದ ಸಾವುಗಳನ್ನು ದೂರದಿಂದಲೇ, ಅಂತ್ಯಸಂಸ್ಕಾರಕ್ಕೂ ಹೋಗಲಾಗದೆ ಸಹಿಸಿಕೊಂಡಿದ್ದ ಜನ ಕಂಠೀರವ ಕ್ರೀಡಾಂಗಣದ ಮುಂದೆ ಸಾಲುಗಟ್ಟಿ ನಿಂತರು. ಆ ಅಳುವಿನಲ್ಲಿ ಒಬ್ಬ ನಟನ ಮೇಲಿನ ಪ್ರೀತಿಯ ಜೊತೆಗೆ, ಅಳಲು ಅವಕಾಶವೇ ಸಿಗದಿದ್ದ ಮನೆಮನೆಯ ಸಾವುಗಳೂ ಸೇರಿದ್ದವು ಎಂದು ಊಹಿಸಲು ಎಡೆಯಿದೆ. ಮುಂದೆ, ೨೦೨೨ರ ಮಾರ್ಚ್ ೧೭ರಂದು, ಅವರ ಹುಟ್ಟುಹಬ್ಬದ ದಿನ ‘ಜೇಮ್ಸ್’ ತೆರೆಕಂಡಿತು. ಪುನೀತ್ ಡಬ್ಬಿಂಗ್ ಮುಗಿಸಿರಲಿಲ್ಲವಾದ್ದರಿಂದ ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ನೀಡಿದ್ದರು. ಏಪ್ರಿಲ್‌ನಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತರ ದನಿಯನ್ನೇ ಮರಳಿ ಅಳವಡಿಸಲಾಯಿತು. ತಮ್ಮನ ದೇಹ, ಅಣ್ಣನ ದನಿ; ಈ ಒಡಕನ್ನು ತುಂಬಿದ ಮಂದಿರಗಳ ಪ್ರೇಕ್ಷಕರು ದೋಷವೆಂದು ಎಣಿಸಲಿಲ್ಲ. ಶಿಳ್ಳೆ ಮತ್ತು ಕಣ್ಣೀರು ಒಟ್ಟಿಗೇ ಬಂದವು. ‘ಯುವರತ್ನ’ವನ್ನು ಎಂಟೇ ದಿನಕ್ಕೆ ಮನೆಗೆ ಒಯ್ದುಕೊಂಡಿದ್ದ ಪ್ರೇಕ್ಷಕ ‘ಜೇಮ್ಸ್’ ಚಿತ್ರವನ್ನು ಮಂದಿರಕ್ಕೇ ಹೋಗಿ ನೋಡಬೇಕೆಂದುಕೊಂಡದ್ದು ಏಕೆ? ಕಥೆಗಾಗಿ ಅಲ್ಲವೆಂಬುದು ಸ್ಪಷ್ಟ. ನೋಡುವುದು ಮನೆಯಲ್ಲಿಯೂ ಸಾಧ್ಯವಿತ್ತು, ಬೀಳ್ಕೊಡುವುದು ಸಾಧ್ಯವಿರಲಿಲ್ಲ.

೬

ಮೇಲಿನ ಚರ್ಚೆಯಿಂದ ಒಂದು ನಿಲುವಿಗೆ ಬರಬಹುದು. ಚಿತ್ರಮಂದಿರಕ್ಕೆ ಹೋಗುವುದು ಚಿತ್ರಾನುಭವದ ಹೊರಗಿನ ಸೌಕರ್ಯವಲ್ಲ, ಅದು ಆ ಅನುಭವದ ಘಟಕ. ಸಾಂಕ್ರಾಮಿಕವು ಚಿತ್ರವನ್ನು ಉಳಿಸಿ ಹೋಗುವಿಕೆಯನ್ನು ಕಸಿದುಕೊಂಡು, ಎರಡರ ಬೆಲೆಯನ್ನೂ ಪ್ರತ್ಯೇಕವಾಗಿ ಕಾಣಿಸಿತು. ೨೦೨೨ರಲ್ಲಿ ‘ಕೆಜಿಎಫ್ ೨’, ‘ಕಾಂತಾರ’ ಚಿತ್ರಗಳಿಗೆ ಜನ ಮುಗಿಬಿದ್ದದ್ದು ನಿಜವೇ. ಆದರೆ ಸಾವಿರಾರು ಜನರ ನೆರವಿ ಬೇಡುವ ಆರ್ಭಟದ ಚಿತ್ರಗಳಿಗೆ ಮಂದಿರ, ಮೆಲುದನಿಯ ಚಿತ್ರಗಳಿಗೆ ಮನೆ ಎಂಬ ವಿಭಜನೆ ಗಟ್ಟಿಯಾದರೆ ‘ಆಕ್ಟ್ ೧೯೭೮’ರಂಥ ಚಿತ್ರಗಳು ತಮಗೆ ಬೇಕಾದ ಸಾರ್ವಜನಿಕರನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತವೆ. ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜವೂ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿಯೂ ೧೯೭೦ರ ದಶಕದಿಂದ ಮಾಡಿದ ಕೆಲಸದ ಮಹತ್ವ ಇಲ್ಲಿದೆ. ಗಂಭೀರ ಚಿತ್ರಕ್ಕೂ ಕೂಡಿ ನೋಡಿ, ಕೂಡಿ ಮಾತನಾಡುವ ಬಳಗ ಬೇಕೆಂದು ಅವು ನಂಬಿದ್ದವು.

ಚಿತ್ರಮಂದಿರಗಳ ಅವಸಾನಕ್ಕೆ ಸಾಂಕ್ರಾಮಿಕವೊಂದೇ ಹೊಣೆಯಲ್ಲ. ಬೆಂಗಳೂರಿನ ಕಪಾಲಿ ೨೦೧೭ರಲ್ಲೇ ಮುಚ್ಚಿತ್ತು. ಕಾವೇರಿ ಮುಚ್ಚಿದ್ದು ೨೦೨೪ರ ಹೊತ್ತಿಗೆ. ಮೈಸೂರಿನ ಶಾಂತಲಾ, ಲಕ್ಷ್ಮಿ ಚಿತ್ರಮಂದಿರಗಳು ಸಾಂಕ್ರಾಮಿಕದ ವರ್ಷಗಳಲ್ಲಿ ಬಾಗಿಲು ಹಾಕಿದವು. ಕಟ್ಟಡ ಹೋದಾಗ ಅದರೊಡನೆ ಒಂದು ದಾಖಲೆಯೂ ಹೋಗುತ್ತದೆ. ಪ್ರೊಜೆಕ್ಟರ್ ಕೋಣೆಯವರ, ಟಿಕೆಟು ಹರಿದುಕೊಡುತ್ತಿದ್ದವರ, ಗೋಡೆಗೆ ಪೋಸ್ಟರು ಅಂಟಿಸುತ್ತಿದ್ದವರ, ಹೆಂಗಸರ ಸರತಿಯಲ್ಲಿ ಗಂಟೆಗಟ್ಟಲೆ ನಿಂತಿದ್ದವರ ನೆನಪುಗಳು ಯಾವ ಗ್ರಂಥಾಲಯದಲ್ಲಿಯೂ ದೊರೆಯವು.

ಈ ಕಾರ್ಯಕ್ಕೆ ಕನ್ನಡ ವಿಭಾಗಗಳು ಹೊಸ ವಿಧಾನವನ್ನೇನೂ ಹುಡುಕಬೇಕಾಗಿಲ್ಲ. ಜಾನಪದ ಅಧ್ಯಯನವು ಹಾಡಿನ ಪಠ್ಯವನ್ನು ಸಂಗ್ರಹಿಸುವುದರಿಂದ ಆರಂಭಿಸಿ, ಹಾಡುವ ಸಂದರ್ಭ, ಹಾಡುಗಾರರು, ಕೇಳುಗರು ಎಂಬ ಕಡೆಗೆ ಬೆಳೆದ ದಾರಿ ನಮ್ಮ ಮುಂದಿದೆ. ಪದವೊಂದನ್ನು ಹಾಡಿದ ರಾತ್ರಿಯಿಂದ ಬೇರ್ಪಡಿಸಿ ಓದಿದರೆ ಅದು ಅರ್ಧವೇ ಸಿಗುತ್ತದೆ ಎಂಬುದನ್ನು ಆ ಶಿಸ್ತು ನಮಗೆ ಕಲಿಸಿದೆ. ಚಿತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಪ್ರತಿಯೊಂದು ವಿಭಾಗವೂ ತನ್ನ ತಾಲ್ಲೂಕಿನ ಒಂದೊಂದು ಟಾಕೀಸನ್ನು ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡರೂ ಕನ್ನಡ ಪ್ರೇಕ್ಷಕನ ಚರಿತ್ರೆಗೆ ಬೇಕಾದ ಸಾಮಗ್ರಿ ಒದಗೀತು. ಆ ಟಾಕೀಸುಗಳಲ್ಲಿ ದುಡಿದವರು, ಅಲ್ಲಿ ಚಿತ್ರ ನೋಡಿ ಬೆಳೆದವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ನಡೆಯಬೇಕಾಗಿದೆ.